ಹೆಸರು ಹೊಂದುತ್ತಿಲ್ಲ ಎಂದು ಯಂತ್ರ ಹೇಳಿದಾಗ

ಪಶ್ಚಿಮ ಬಂಗಾಳದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ (ಎಸ್‌ಐಆರ್) ಸುದ್ದಿಗಳಲ್ಲಿ ‘ತಾರ್ಕಿಕ ವ್ಯತ್ಯಾಸ’ ಎಂಬ ಮಾತು ಪದೇ ಪದೇ ಬಂದಿತು. ಸುಮಾರು 1.25 ಕೋಟಿ ಮತದಾರರ ವಿವರಗಳಲ್ಲಿ ಇಂಥ ವ್ಯತ್ಯಾಸವಿದೆ ಎಂದು ತಂತ್ರಾಂಶ ಗುರುತಿಸಿತ್ತು. ಆ ಹೆಸರುಗಳನ್ನು ಗ್ರಾಮ ಪಂಚಾಯಿತಿ ಮತ್ತು ಬ್ಲಾಕ್ ಕಚೇರಿಗಳಲ್ಲಿ ಬಹಿರಂಗವಾಗಿ ಪ್ರಕಟಿಸಬೇಕೆಂದು 2026ರ ಜನವರಿ 19ರಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ತಂದೆಗೂ ಮಗನಿಗೂ 15 ವರ್ಷಕ್ಕಿಂತ ಕಡಿಮೆ ಅಂತರವಿರುವುದು, ಒಬ್ಬರನ್ನೇ ಆರಕ್ಕಿಂತ ಹೆಚ್ಚು ಮಂದಿ ತಂದೆ ಅಥವಾ ತಾಯಿ ಎಂದು ತೋರಿಸಿರುವುದು ಮುಂತಾದ ವ್ಯತ್ಯಾಸಗಳು ಯಾರಿಗೂ ಅರ್ಥವಾಗುವಂಥವು. ಅಲ್ಲಿರುವುದು ಕೂಡಿ ಕಳೆಯುವ ಲೆಕ್ಕ. ಓದುಗರನ್ನು ಗೊಂದಲಕ್ಕೆ ಕೆಡವಿದ್ದು ಇನ್ನೊಂದು ಬಗೆ. ಹಿಂದಿನ ತೀವ್ರ ಪರಿಷ್ಕರಣೆ ನಡೆದ 2002ರ ಪಟ್ಟಿಯಲ್ಲಿರುವ ತಂದೆಯ ಹೆಸರಿಗೂ ಈಗಿನ ಪಟ್ಟಿಯಲ್ಲಿರುವ ತಂದೆಯ ಹೆಸರಿಗೂ ಹೊಂದಿಕೆಯಿಲ್ಲ ಎಂದು ಯಂತ್ರ ಹೇಳುತ್ತದೆ. ಮತದಾರರು ಅದು ಒಂದೇ ಹೆಸರು ಎನ್ನುತ್ತಾರೆ. ಹಲವು ಪ್ರಕರಣಗಳಲ್ಲಿ ಇಬ್ಬರೂ ಹೇಳುತ್ತಿರುವುದು ನಿಜವೇ ಆಗಿರುತ್ತದೆ.

ಹೀಗಾಗುವುದಕ್ಕೆ ಕಾರಣ ಯಂತ್ರ ಎರಡು ಹೆಸರುಗಳನ್ನು ಹೋಲಿಸುವ ರೀತಿಯಲ್ಲಿದೆ. ಆ ರೀತಿ ತಿಳಿಯದೆ ಬಂಗಾಳದ ವಿವಾದವೂ ಅರ್ಥವಾಗುವುದಿಲ್ಲ, ನಮ್ಮ ಪಹಣಿ (ಜಮೀನಿನ ದಾಖಲೆ) ಮತ್ತು ಆಧಾರ್ ನಡುವಿನ ಹೆಸರಿನ ತಕರಾರೂ ಅರ್ಥವಾಗುವುದಿಲ್ಲ.

ಅಕ್ಷರ ಎಣಿಸುವ ಲೆಕ್ಕ

ಹೋಲಿಕೆಯ ಅತ್ಯಂತ ಪ್ರಸಿದ್ಧ ಅಳತೆಯನ್ನು ಕೊಟ್ಟವರು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್, 1965ರಲ್ಲಿ. ಒಂದು ಪದವನ್ನು ಇನ್ನೊಂದು ಪದವಾಗಿ ಮಾರ್ಪಡಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಸಂಖ್ಯೆಯೇ ಆ ಎರಡು ಪದಗಳ ನಡುವಿನ ದೂರ. ‘ಸಿದ್ದಪ್ಪ’ ಮತ್ತು ‘ಸಿದ್ಧಪ್ಪ’ ನಡುವೆ ಒಂದು ಅಕ್ಷರ ಬದಲಾದರೆ ಸಾಕು, ಆದ್ದರಿಂದ ದೂರ 1. ‘ಮಂಜುನಾಥ’ ಮತ್ತು ‘ಮಂಜುನಾಥ್’ ನಡುವೆ ಇರುವುದು ಒಂದು ಹಲಂತ ಚಿಹ್ನೆ, ಅಲ್ಲೂ ದೂರ 1. ಕಚೇರಿಗಳಲ್ಲಿ ನಡೆಯುವ ಬೆರಳಚ್ಚು ತಪ್ಪುಗಳನ್ನು ಹಿಡಿಯಲು ಈ ಅಳತೆ ಚೆನ್ನಾಗಿ ಒದಗಿ ಬರುತ್ತದೆ.

ಆದರೆ ‘ಸುಮಾ’ ಮತ್ತು ‘ಸುಧಾ’ ನಡುವಿನ ದೂರವೂ 1. ಇವು ಇಬ್ಬರು ಬೇರೆ ಹೆಂಗಸರ ಹೆಸರುಗಳು ಎಂಬುದನ್ನು ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಿದ್ದಪ್ಪನ ‘ದ’ ‘ಧ’ ಆಗುವುದು ಬರವಣಿಗೆಯ ರೂಢಿ, ಸುಮಾಳ ‘ಮ’ ‘ಧ’ ಆಗುವುದು ವ್ಯಕ್ತಿಯೇ ಬದಲಾದ ಲಕ್ಷಣ ಎಂಬ ತಿಳಿವಳಿಕೆ ಈ ಲೆಕ್ಕದೊಳಗೆ ಇಲ್ಲ. ಇಂಗ್ಲಿಷ್ ಲಿಪಿಗೆ ಹೋದರೆ ಲೆಕ್ಕ ಇನ್ನೂ ತಲೆಕೆಳಗಾಗುತ್ತದೆ. ಲಕ್ಷ್ಮಿ ಎಂಬ ಹೆಸರಿನ ನಡುವೆ ಕೆಲವರು ಕೆ, ಎಸ್, ಎಚ್ ಎಂದು ಮೂರು ಅಕ್ಷರ ಬರೆಯುತ್ತಾರೆ, ಇನ್ನು ಕೆಲವರು ಎಕ್ಸ್ ಒಂದರಲ್ಲೇ ಮುಗಿಸುತ್ತಾರೆ. ಒಂದೇ ಹೆಸರಿನ ಈ ಎರಡು ರೂಪಗಳ ನಡುವೆ ದೂರ 3. ಹಾಗಿದ್ದರೆ ದೂರ 3 ಇದ್ದರೂ ಒಂದೇ ಹೆಸರೆಂದು ಒಪ್ಪಿಕೊಳ್ಳಿ ಎಂದು ತಂತ್ರಾಂಶಕ್ಕೆ ಹೇಳಿದರೆ ಸುಮಾ, ಸುಧಾ, ರಮಾ, ಉಮಾ ಎಲ್ಲರೂ ಒಬ್ಬರೇ ಆಗಿಬಿಡುತ್ತಾರೆ.

ಉಚ್ಚಾರಣೆಯ ಜಾಡು ಹಿಡಿದವರು

ಅಕ್ಷರ ಬಿಟ್ಟು ಧ್ವನಿಯನ್ನು ಹಿಡಿಯುವ ಪ್ರಯತ್ನ ಕಂಪ್ಯೂಟರಿಗಿಂತಲೂ ಹಳೆಯದು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಮುಂದೆ ಸೌಂಡೆಕ್ಸ್ ಎಂದು ಹೆಸರಾಯಿತು. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಂಡು, ಸ್ವರಗಳನ್ನು ಕೈಬಿಟ್ಟು, ಉಳಿದ ವ್ಯಂಜನಗಳಿಗೆ ಗುಂಪಿನ ಅಂಕಿ ಕೊಡುವುದು ಅದರ ಕ್ರಮ: ಬಿ, ಎಫ್, ಪಿ, ವಿ ಬಂದರೆ 1; ಡಿ, ಟಿ ಬಂದರೆ 3; ಎಂ, ಎನ್ ಬಂದರೆ 5, ಹೀಗೆ. ಒಂದು ಅಕ್ಷರ ಮತ್ತು ಮೂರು ಅಂಕಿ ಸೇರಿ ಒಂದು ಸಂಕೇತ. ಲಕ್ಷ್ಮಿಯ ಎರಡೂ ಇಂಗ್ಲಿಷ್ ರೂಪಗಳಿಗೆ ಸಿಗುವುದು ಎಲ್250 ಎಂಬ ಒಂದೇ ಸಂಕೇತ. ಲೆವೆನ್‌ಷ್ಟೈನ್ ಲೆಕ್ಕ ಸೋತಲ್ಲಿ ಇದು ಗೆಲ್ಲುತ್ತದೆ.

ಈ ವಿಧಾನ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಸಂದರ್ಭವನ್ನು ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದು ವೃದ್ಧರಿಗೆ ಪಿಂಚಣಿ ಕೊಡುವ ಏರ್ಪಾಡಾದಾಗ, ಜನನ ಪತ್ರವಿಲ್ಲದ ಅಸಂಖ್ಯ ಮಂದಿ ತಮ್ಮ ವಯಸ್ಸನ್ನು ರುಜುವಾತುಪಡಿಸಲಾರದೆ ಹೋದರು. ಅವರು ಬಾಲ್ಯದಲ್ಲಿ ಜನಗಣತಿಯಲ್ಲಿ ದಾಖಲಾಗಿದ್ದರು, ಆದರೆ ಗಣತಿದಾರ ಆ ಕಾಲದಲ್ಲಿ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡಿದ್ದ. ಹೀಗಾಗಿ 1880ರ ಜನಗಣತಿಯಲ್ಲಿ 10 ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿದ್ದ ಕುಟುಂಬಗಳಿಗೆ ಸೌಂಡೆಕ್ಸ್ ಸಂಕೇತ ಕೊಟ್ಟು ಸೂಚಿಯನ್ನೇ ಸಿದ್ಧಪಡಿಸಲಾಯಿತು. ಕಾಗುಣಿತ ಬೇರೆಯಾಗಿದ್ದರೂ ಮನುಷ್ಯನನ್ನು ಹುಡುಕಿ ಒಳಗೆ ಸೇರಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು, ಮತ್ತು ಸಂಕೇತ ಕೂಡಿಬಂದ ಚೀಟಿಗಳನ್ನು ಒಬ್ಬ ಗುಮಾಸ್ತ ಕಣ್ಣಾರೆ ಓದಿ ತೀರ್ಮಾನಿಸುತ್ತಿದ್ದ.

ಸೌಂಡೆಕ್ಸ್ ಅಮೆರಿಕದ ಅಡ್ಡಹೆಸರುಗಳಿಗೆ (ಮನೆತನದ ಹೆಸರುಗಳಿಗೆ) ಹೊಲಿದ ಅಂಗಿ. ನಮ್ಮ ಹೆಸರುಗಳಿಗೆ ತೊಡಿಸಿದರೆ ಗೌಡ ಎಂಬುದಕ್ಕೂ ಗೀತಾ ಎಂಬುದಕ್ಕೂ ಜಿ300 ಎಂಬ ಒಂದೇ ಸಂಕೇತ ಬರುತ್ತದೆ. ಅದೇ ವೇಳೆ ಉತ್ತರ ಕರ್ನಾಟಕದಲ್ಲಿ ಒಬ್ಬನೇ ವ್ಯಕ್ತಿ ಫಕೀರಪ್ಪ ಎಂದೂ ಪಕೀರಪ್ಪ ಎಂದೂ ಬರೆಸಿಕೊಂಡಿದ್ದರೆ ಎರಡಕ್ಕೂ ಬೇರೆ ಬೇರೆ ಸಂಕೇತ. ಎಫ್ ಮತ್ತು ಪಿ ಒಂದೇ ಗುಂಪಿನಲ್ಲಿದ್ದರೂ ಮೊದಲ ಅಕ್ಷರವನ್ನು ಮುಟ್ಟಬಾರದೆಂಬ ನಿಯಮವಿರುವುದರಿಂದ ಆ ಗುಂಪು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವೆಂಕಟಪ್ಪ ಮತ್ತು ಯಂಕಟಪ್ಪ, ಹನುಮಂತ ಮತ್ತು ಅನುಮಂತ, ಎಲ್ಲಪ್ಪ ಮತ್ತು ಯಲ್ಲಪ್ಪ: ಕನ್ನಡದಲ್ಲಿ ಹೆಸರು ಮೊದಲ ಅಕ್ಷರದಲ್ಲೇ ಬದಲಾಗುವುದುಂಟು.

ಲಿಪಿ ದಾಟುವಾಗ ಕಳೆದುಹೋಗುವುದು

ಬಂಗಾಳದಲ್ಲಿ ಈ ತೊಡಕಿಗೆ ಇನ್ನೊಂದು ಪದರವಿದೆ. 2002ರ ಪಟ್ಟಿ ಬಂಗಾಳಿ ಲಿಪಿಯಲ್ಲಿತ್ತು. ಹೋಲಿಕೆಗೆ ಅದನ್ನು ಗಣಕಕ್ಕೆ ಇಳಿಸಬೇಕಾಯಿತು. ಬಂಗಾಳಿಯಲ್ಲಿ ‘ಬ’ ಮತ್ತು ‘ವ’ಗಳಿಗೆ ಇರುವುದು ಒಂದೇ ಅಕ್ಷರ. ‘ಅ’ಕಾರ ಬಾಯಲ್ಲಿ ‘ಒ’ಕಾರದ ಕಡೆಗೆ ವಾಲುತ್ತದೆ, ಆದ್ದರಿಂದಲೇ ಒಬ್ಬ ಮಂಡಲ್ ಆದರೆ ಅವನ ತಮ್ಮ ಮೊಂಡಲ್ ಆಗುತ್ತಾನೆ, ದತ್ತ ಎಂಬುವರು ದತ್ತಾ ಎಂದೂ ದುತ್ತಾ ಎಂದೂ ಇಂಗ್ಲಿಷಿನಲ್ಲಿ ಸಹಿ ಮಾಡುತ್ತಾರೆ. ಶೇಖ್ ಎಂಬುದನ್ನು ಎಸ್, ಕೆ ಎಂಬ ಎರಡೇ ಅಕ್ಷರಗಳಲ್ಲಿ ಬರೆಯುವ ರೂಢಿ ಅಲ್ಲಿ ವ್ಯಾಪಕ. ಇದೆಲ್ಲಕ್ಕಿಂತ ಕಠಿಣವಾದದ್ದು ಮುಖೋಪಾಧ್ಯಾಯ–ಮುಖರ್ಜಿ, ಬಂದ್ಯೋಪಾಧ್ಯಾಯ–ಬ್ಯಾನರ್ಜಿ ಜೋಡಿಗಳು. ಬಂಗಾಳಿಯಲ್ಲಿ ಬರೆಯುವಾಗ ಮೊದಲನೆಯದನ್ನೂ ಇಂಗ್ಲಿಷಿನಲ್ಲಿ ಎರಡನೆಯದನ್ನೂ ಒಬ್ಬರೇ ಬಳಸುವುದು ಅಲ್ಲಿ ಸರ್ವೇಸಾಮಾನ್ಯ. ಅಕ್ಷರದ ದೂರ ಲೆಕ್ಕ ಹಾಕಿದರೂ ಅವು ಹತ್ತಿರ ಬರುವುದಿಲ್ಲ, ಸೌಂಡೆಕ್ಸ್‌ನಲ್ಲೂ ಎಂ213 ಮತ್ತು ಎಂ262 ಎಂದು ಬೇರೆಯಾಗಿಯೇ ಉಳಿಯುತ್ತವೆ. ಈ ಜೋಡಿಗಳು ಒಂದೇ ಎಂಬುದನ್ನು ಯಾವ ಸೂತ್ರವೂ ತಾನಾಗಿ ಕಂಡುಹಿಡಿಯಲಾರದು. ಬಂಗಾಳದ ಸಮಾಜ ಬಲ್ಲವರು ಪಟ್ಟಿ ಮಾಡಿ ಯಂತ್ರಕ್ಕೆ ಮೊದಲೇ ಕೊಡಬೇಕಾಗುತ್ತದೆ.

ಕನ್ನಡದಲ್ಲಿ ಲಿಪಿಯೊಳಗೇ ಒಂದು ಕಣ್ಣಿಗೆ ಕಾಣದ ಬಲೆ ಇದೆ. ಬೆಂಗಳೂರು ಎಂದು ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದರೆ ‘ಬೆ೦ಗಳೂರು’ ಎಂದಾಗುತ್ತದೆ. ಓದುವವರಿಗೆ ಎರಡೂ ಒಂದೇ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 0ಸಿ82, ಸೊನ್ನೆಯ ಸಂಖ್ಯೆ 0ಸಿಇ6, ಹಾಗಾಗಿ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಮೂರು ತುಂಡುಗಳಾಗಿಯೂ ಉಳಿಸಬಹುದು. ಯೂನಿಕೋಡ್ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಟೈಪಾದ ಸರ್ಕಾರಿ ಕಡತಗಳನ್ನು ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತುಗಳ ಜಾಗದಲ್ಲಿ ಅಳಿದುಳಿದ ಚಿಹ್ನೆಗಳು ಸೇರಿಕೊಳ್ಳುವುದೂ ಉಂಟು. ಇವನ್ನು ಮೊದಲು ಒಂದೇ ರೂಪಕ್ಕೆ ತರುವುದು ದೊಡ್ಡ ವಿದ್ಯೆಯೇನಲ್ಲ, ಕೆಲವು ಸಾಲುಗಳ ಪ್ರೋಗ್ರಾಂ ಸಾಕು. ಮಾಡದೆ ಬಿಟ್ಟರೆ ಮಾತ್ರ ಗುಂಡಪ್ಪನ ಹೆಸರು ಗುಂಡಪ್ಪನ ಹೆಸರಿಗೇ ಹೊಂದುವುದಿಲ್ಲ.

ಇಂಗ್ಲಿಷ್ ಲಿಪಿಯ ಮೂಲಕ ಹಾದುಬರುವುದೇ ಅನಗತ್ಯ ಎಂಬ ವಾದಕ್ಕೂ ತೂಕವಿದೆ. ಭಾರತೀಯ ಲಿಪಿಗಳಿಗೆ ಯೂನಿಕೋಡ್ ಕೊಟ್ಟಿರುವ ಜಾಗ ಭಾರತೀಯ ಲಿಪಿಗಳಿಗಾಗಿಯೇ ರೂಪಿಸಿದ್ದ ಹಳೆಯ ಇಸ್ಕಿ ಸಂಕೇತ ವ್ಯವಸ್ಥೆಯ ವಿನ್ಯಾಸವನ್ನು ಅನುಸರಿಸುತ್ತದೆ. ಹೀಗಾಗಿ ಕನ್ನಡದ ‘ಕ’, ಬಂಗಾಳಿಯ ‘ಕ’, ದೇವನಾಗರಿಯ ‘ಕ’ ಮೂರೂ ತಮ್ಮ ತಮ್ಮ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂತಿವೆ. ಒಂದು ಲಿಪಿಯ ಹೆಸರನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸಲು ಇದರಿಂದ ಸುಲಭವಾಗುತ್ತದೆ. ಇಂಗ್ಲಿಷಿಗೆ ಹೋದೊಡನೆ ಕಳೆದುಕೊಳ್ಳುವುದು ‘ಲ’ಕಾರ ‘ಳ’ಕಾರಗಳ ಭೇದವನ್ನು, ಹ್ರಸ್ವ ದೀರ್ಘಗಳನ್ನು, ‘ತ’ ‘ಟ’ ವ್ಯತ್ಯಾಸವನ್ನು. ಇಂಗ್ಲಿಷಿನಿಂದ ಕನ್ನಡಕ್ಕೆ ಮರಳುವಾಗ ಕಾಳಪ್ಪ ಕಲಪ್ಪನಾಗುವುದು ಈ ಕಾರಣದಿಂದ.

ಸಡಿಲಿಸಿದರೂ ಕಷ್ಟ, ಬಿಗಿಮಾಡಿದರೂ ಕಷ್ಟ

ಹೋಲಿಕೆಯ ಫಲಿತಾಂಶ ಸಾಮಾನ್ಯವಾಗಿ ಒಂದು ಅಂಕ. ನೂರಕ್ಕೆ 80 ಬಂದರೆ ಒಂದೇ ಹೆಸರು, 79 ಬಂದರೆ ಬೇರೆ ಎಂದು ಎಲ್ಲೋ ಒಂದು ಗೆರೆ ಎಳೆಯಬೇಕು. ಗೆರೆ ಸಡಿಲವಾಗಿದ್ದರೆ ಜನಕ್ಕೆ ಅನುಕೂಲ, ಬಿಗಿಯಾಗಿದ್ದರೆ ಅನನುಕೂಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಅಮೆರಿಕದ ಎರಡು ರಾಜ್ಯಗಳ ಅನುಭವ ಇದನ್ನು ಸುಳ್ಳು ಮಾಡುತ್ತದೆ.

ಫ್ಲಾರಿಡಾದಲ್ಲಿ 2000ದ ಅಧ್ಯಕ್ಷೀಯ ಚುನಾವಣೆಗೆ ಮುನ್ನ, ಶಿಕ್ಷೆಗೊಳಗಾಗಿ ಮತದಾನದ ಹಕ್ಕು ಕಳೆದುಕೊಂಡವರನ್ನು ಪಟ್ಟಿಯಿಂದ ತೆಗೆಯಲು ಅಪರಾಧಿಗಳ ಹೆಸರುಗಳನ್ನು ಮತದಾರರ ಹೆಸರುಗಳ ಜೊತೆ ಹೋಲಿಸಲಾಯಿತು. ಅಡ್ಡಹೆಸರಿನ ಅಕ್ಷರಗಳು ಶೇ 80ರಷ್ಟು ಹೊಂದಿದರೆ ಸಾಕು ಎಂದು ಗೆರೆಯನ್ನು ಸಡಿಲವಾಗಿ ಇಡಲಾಗಿತ್ತು. ಯಾವ ಅಪರಾಧವನ್ನೂ ಮಾಡದವರು, ಹೆಸರು ಹೋಲುತ್ತದೆಂಬ ಒಂದೇ ಕಾರಣಕ್ಕೆ ಆ ಪಟ್ಟಿಗೆ ಸೇರಿದರು. ಅದರಲ್ಲಿ ಕರಿಯ ಜನಾಂಗದವರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲನ್ನು ಮೀರಿತ್ತು. ಆ ರಾಜ್ಯದ ಫಲಿತಾಂಶ ಕೊನೆಗೆ ನಿರ್ಧಾರವಾದದ್ದು 537 ಮತಗಳ ಅಂತರದಲ್ಲಿ. ಜಾರ್ಜಿಯಾದಲ್ಲಿ 2018ರಲ್ಲಿ ನಡೆದದ್ದು ಇದರ ತಿರುಗುಮುರುಗು. ಹೊಸ ಮತದಾರರ ಅರ್ಜಿಯಲ್ಲಿನ ಹೆಸರು ಚಾಲನಾ ಪರವಾನಗಿ ಅಥವಾ ಸಾಮಾಜಿಕ ಭದ್ರತಾ ದಾಖಲೆಯ ಜೊತೆ ಅಕ್ಷರಶಃ ಹೊಂದಬೇಕೆಂಬ ನಿಯಮದಿಂದಾಗಿ, ಹೆಸರಿನ ನಡುವಿನ ಒಂದು ಅಡ್ಡಗೆರೆ (ಹೈಫನ್) ಬಿಟ್ಟುಹೋಗಿದ್ದರೂ ಅರ್ಜಿ ತಡೆಹಿಡಿಯಲ್ಪಡುತ್ತಿತ್ತು. ಸುಮಾರು 53,000 ಅರ್ಜಿಗಳು ಹೀಗೆ ಬಾಕಿ ಉಳಿದಿವೆ, ಅವುಗಳಲ್ಲಿ ಶೇ 70ರ ಆಸುಪಾಸು ಕರಿಯರವು ಎಂದು ಆಗ ವರದಿಯಾಯಿತು.

ಒಂದು ಕಡೆ ಸಡಿಲ ಗೆರೆ ಜನರನ್ನು ಹೊರಹಾಕಿತು, ಇನ್ನೊಂದು ಕಡೆ ಬಿಗಿ ಗೆರೆ. ಹೆಸರು ಹೊಂದಿದರೆ ನಷ್ಟವಾಗುವ ಪಟ್ಟಿಗಳಲ್ಲಿ, ಅಂದರೆ ಅಪರಾಧಿಗಳ ಪಟ್ಟಿ, ನಕಲಿ ಮತದಾರರ ಪಟ್ಟಿ, ಸತ್ತವರ ಪಟ್ಟಿಗಳಲ್ಲಿ ಸಡಿಲತೆ ಅಪಾಯಕಾರಿ. ಹೆಸರು ಹೊಂದಿದರೆ ಲಾಭವಾಗುವ ಕಡೆ, ಅಂದರೆ ಪಿಂಚಣಿ, ಪರಿಹಾರ, ಹಳೆಯ ಮತದಾರರ ಪಟ್ಟಿಯ ಜೊತೆಗಿನ ನಂಟು ತೋರಿಸುವಲ್ಲಿ ಬಿಗಿ ಅಪಾಯಕಾರಿ. ಒಂದೇ ತಂತ್ರಾಂಶವನ್ನು ಒಂದೇ ಗೆರೆಯೊಂದಿಗೆ ಎರಡೂ ಕೆಲಸಕ್ಕೆ ಹಚ್ಚಿದರೆ ಎರಡರಲ್ಲಿ ಒಂದು ಕೆಡುವುದು ಖಚಿತ. ಮತದಾರರ ಪಟ್ಟಿಯ ವಿಷಯದಲ್ಲಿ ಎರಡೂ ಕೆಲಸಗಳಿವೆ: ಒಂದೇ ಬಗೆಯ ವಿವರಗಳಿರುವ ನಮೂದುಗಳನ್ನು ಹುಡುಕಿ ಪುನರಾವರ್ತನೆ ತೆಗೆಯುವುದು, ಹಾಗೂ ಈಗಿನ ಮತದಾರರನ್ನು 2002ರ ಪಟ್ಟಿಗೆ ಜೋಡಿಸುವುದು.

ಬಂಗಾಳದ ವಾದ, ಪ್ರತಿವಾದ

ಚುನಾವಣಾ ಆಯೋಗದ ನಿಲುವು ಸರಳವಾಗಿದೆ. ಸತ್ತವರು, ಊರು ಬಿಟ್ಟವರು, ಎರಡೆರಡು ಕಡೆ ಹೆಸರಿರುವವರು ಪಟ್ಟಿಯಲ್ಲಿ ಉಳಿಯಬಾರದು. ತಂತ್ರಾಂಶ ಸಂಶಯವನ್ನಷ್ಟೇ ಗುರುತಿಸುತ್ತದೆ. ನೋಟಿಸ್ ಕೊಟ್ಟು, ಅಹವಾಲು ಕೇಳಿ, ಅಧಿಕಾರಿಯೇ ನಿರ್ಧರಿಸುತ್ತಾನೆ. ಶುದ್ಧ ಪಟ್ಟಿಯ ಅಗತ್ಯವನ್ನು ಅಲ್ಲಗಳೆಯಲಾಗದು, ಮತ್ತು ಕೋಟಿಗಟ್ಟಲೆ ನಮೂದುಗಳನ್ನು ಮನುಷ್ಯರೇ ಕೂತು ಹೋಲಿಸುವುದು ಆಗದ ಮಾತು.

ವಿರೋಧಿಸಿದವರ ವಾದ ಬೇರೆ ತುದಿಯಿಂದ ಹೊರಡುತ್ತದೆ. 2002ರ ಪಟ್ಟಿಯನ್ನು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಗಣಕೀಕರಿಸುವಾಗಲೇ ವಿವರಗಳು ಕೆಟ್ಟವು, ಆ ತಪ್ಪನ್ನು ಮತದಾರನ ಮೇಲೆ ಹೊರಿಸಲಾಗುತ್ತಿದೆ ಎಂದು ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ 2026ರ ಜನವರಿಯಲ್ಲಿ ಆಯೋಗಕ್ಕೆ ಬರೆದರು. ನೋಟಿಸ್ ಬಂದವರು ಕೂಲಿ ಬಿಟ್ಟು, ದಾಖಲೆ ಜೋಡಿಸಿಕೊಂಡು, ವಿಚಾರಣೆಗೆ ಹಾಜರಾಗಬೇಕಿತ್ತು. ಮದುವೆಯಾದ ಮೇಲೆ ಹೆಸರು ಬದಲಾಗುವ ಹೆಂಗಸರಿಗೆ, ದುಡಿಮೆಗೆ ಬೇರೆ ರಾಜ್ಯಕ್ಕೆ ಹೋದವರಿಗೆ, ಅರಬಿ–ಪಾರಸಿ ಮೂಲದ ಹೆಸರು ಹಲವು ಬಗೆಯಲ್ಲಿ ಬರೆಸಿಕೊಂಡ ಮುಸ್ಲಿಮರಿಗೆ ಈ ಹೊರೆ ಹೆಚ್ಚು.

ನೋಟಿಸ್ ಎಂದರೆ ಹೆಸರು ತೆಗೆದಂತಲ್ಲ ಎಂಬ ಆಯೋಗದ ಮಾತು ಕಾನೂನಿನ ದೃಷ್ಟಿಯಲ್ಲಿ ಸರಿಯೇ. ಆದರೆ ಒಂದು ಕೋಟಿಗೂ ಮಿಕ್ಕಿ ಜನರ ಅಹವಾಲನ್ನು ಕೆಲವೇ ವಾರಗಳಲ್ಲಿ ಕೇಳಬೇಕಾದಾಗ ಅಧಿಕಾರಿ ಯಂತ್ರದ ಗುರುತನ್ನು ಪ್ರಶ್ನಿಸುವುದಕ್ಕಿಂತ ಅದಕ್ಕೆ ಒಪ್ಪಿಗೆ ಹಾಕುವ ಸಂಭವವೇ ಹೆಚ್ಚು, ಮತ್ತು ವಿಚಾರಣೆಗೆ ಬಾರದವರ ವಿಷಯದಲ್ಲಿ ಆ ಗುರುತೇ ಕೊನೆಯ ಮಾತಾಗುವ ಸಾಧ್ಯತೆ ಇದೆ. ಹಾಗಾಗಿ ಗೆರೆ ಎಲ್ಲಿದೆ ಎಂಬ ಪ್ರಶ್ನೆಗೆ ತಾಂತ್ರಿಕ ವಿವರದ ಸ್ಥಾನ ಕೊಟ್ಟು ಸುಮ್ಮನಾಗುವುದು ಸಾಧ್ಯವಿಲ್ಲ.

ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು

2025ರ ಅಕ್ಟೋಬರ್‌ನಲ್ಲಿ ಎಸ್‌ಐಆರ್‌ಗೆ ಆರಿಸಿದ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಇಲ್ಲೂ ಹಿಂದಿನ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲೇ, ಆ ಪಟ್ಟಿಯ ಭಾಷೆ ಕನ್ನಡ. ರಾಜ್ಯದ ಮತದಾರರು ಸುಮಾರು 5.4 ಕೋಟಿ, ಹೆಸರಿನ ಹೋಲಿಕೆ ನೂರಕ್ಕೆ ಒಂದರಂತೆ ತಪ್ಪಿದರೂ 5.4 ಲಕ್ಷ ಜನ ವಿಚಾರಣೆಗೆ ಬರಬೇಕಾಗುತ್ತದೆ.

ರೈತರಿಗೆ ಈ ಸಮಸ್ಯೆಯ ಪರಿಚಯ ಮತದಾರರ ಪಟ್ಟಿಗಿಂತ ಮೊದಲೇ ಆಗಿದೆ. ಪಹಣಿಯ ಹೆಸರು ಶಾನುಭೋಗರ ಕೈಬರಹದಿಂದ ಇಳಿದುಬಂದದ್ದು. ‘ಸಿದ್ದಪ್ಪ ಬಿನ್ ಮಾಳಪ್ಪ’, ‘ಯಲ್ಲವ್ವ ಕೋಂ ಬಸಪ್ಪ’ ಎಂಬ ಕ್ರಮದಲ್ಲಿರುತ್ತದೆ. ಆಧಾರ್ ನೋಂದಣಿಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರನ್ನು ತಂತ್ರಾಂಶ ತಾನೇ ಕನ್ನಡಕ್ಕೆ ತರುತ್ತದೆ, ನೋಂದಣಿಗೆ ಕೂತವರು ಗಮನಿಸಿ ತಿದ್ದದಿದ್ದರೆ ಅದೇ ಉಳಿಯುತ್ತದೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದೆ, ಮಕ್ಕಳ ಶಾಲಾ ದಾಖಲೆಯಲ್ಲಿ ಹಿಂದೆ. ಒಂದು ಕಚೇರಿಯಲ್ಲಿ ‘ಎಚ್’ ಎಂದು ಬರೆದದ್ದು ಇನ್ನೊಂದು ಕಚೇರಿಯಲ್ಲಿ ‘ಹೆಚ್’. ರಾಜ್ಯ ಸರ್ಕಾರ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಕೈಗೆತ್ತಿಕೊಂಡಾಗ, ಇವೆಲ್ಲ ಎದುರುಬದುರು ನಿಂತವು. ಹೆಸರು ಹೊಂದದ ಕಡೆ ‘ಇಬ್ಬರೂ ಒಬ್ಬನೇ ವ್ಯಕ್ತಿ’ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಪರಿಹಾರ. ಅದರ ಖರ್ಚೂ ಓಡಾಟವೂ ಹೆಸರು ಹೊಂದದ ರೈತನ ಪಾಲಿಗೆ. ತಪ್ಪಾಗಿ ಬರೆದ ಕಚೇರಿಯ ಪಾಲಿಗಲ್ಲ.

ಹಾಗೆಂದು ಪೂರ್ತಿ ಸಡಿಲ ಬಿಡಲೂ ಬರುವುದಿಲ್ಲ. ಮಾಳಪ್ಪ ಮತ್ತು ಮಲ್ಲಪ್ಪ ಅಣ್ಣತಮ್ಮಂದಿರ ಹೆಸರಾಗಿರಬಹುದು, ಇಬ್ಬರ ತಂದೆ ಒಬ್ಬನೇ, ಊರು ಒಂದೇ, ಸರ್ವೆ ನಂಬರ್ ಕೂಡ ಒಂದೇ, ಹಿಸ್ಸಾ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಒಂದು ‘ಎಲ್’ ಹೆಚ್ಚು ಕಡಿಮೆ. ಜಮೀನಿನ ವಿಷಯದಲ್ಲಿ ಇವರನ್ನು ಒಬ್ಬನೆಂದು ಯಂತ್ರ ತೀರ್ಮಾನಿಸಿದರೆ ಆಗುವ ಅನಾಹುತ ದಶಕಗಳ ಕೋರ್ಟು ಕಚೇರಿ.

ನಡುವಿನ ವರ್ಗಕ್ಕೆ ಜಾಗವೆಲ್ಲಿ

ದಾಖಲೆಗಳನ್ನು ಜೋಡಿಸುವ ಗಣಿತಕ್ಕೆ ಭದ್ರ ಬುನಾದಿ ಹಾಕಿದ್ದು ಐವನ್ ಫೆಲ್ಲಿಗಿ ಮತ್ತು ಅಲನ್ ಸಂಟರ್ 1969ರಲ್ಲಿ ಪ್ರಕಟಿಸಿದ ಪ್ರಬಂಧ. ಅವರ ಪದ್ಧತಿಯಲ್ಲಿ ಉತ್ತರ ಎರಡಲ್ಲ, ಮೂರು: ಜೋಡಿ ಹೌದು, ಜೋಡಿ ಅಲ್ಲ, ಮತ್ತು ಮನುಷ್ಯ ನೋಡಿ ಹೇಳಬೇಕಾದದ್ದು. ಹೆಸರೊಂದನ್ನೇ ನೆಚ್ಚದೆ ವಯಸ್ಸು, ವಿಳಾಸ, ತಂದೆಯ ಹೆಸರು ಎಲ್ಲಕ್ಕೂ ಬೇರೆ ಬೇರೆ ತೂಕ ಕೊಡಬೇಕು. ಅಪರೂಪದ ಹೆಸರು ಹೊಂದಿದರೆ ಹೆಚ್ಚು ತೂಕ, ಮಂಜುನಾಥನಂಥ ಹೆಸರು ಹೊಂದಿದರೆ ಕಡಿಮೆ. ನಮ್ಮ ಇಲಾಖೆಗಳ ಪರದೆಯ ಮೇಲೆ ‘ಹೊಂದುತ್ತಿಲ್ಲ’ ಎಂದು ಕಾಣಿಸಿಕೊಳ್ಳುವ ಬಹಳಷ್ಟು ಪ್ರಕರಣಗಳು ನ್ಯಾಯವಾಗಿ ಮೂರನೆಯ ವರ್ಗಕ್ಕೆ ಸೇರಬೇಕಾದವು. ಆ ವರ್ಗವನ್ನು ತೆಗೆದುಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಹೊರೆ ಕಚೇರಿಯಿಂದ ನಾಗರಿಕನ ಮೇಲೆ ಜಾರುತ್ತದೆ.

ಕನ್ನಡದ ಮಟ್ಟಿಗೆ ನಿಯಮಗಳನ್ನು ಬರೆಯುವುದು ಅಸಾಧ್ಯವಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೆಂದು ಎಣಿಸಬಹುದು, ‘ಶ, ಷ, ಸ’ಗಳನ್ನು ಒಂದು ಗುಂಪಿಗೆ ಹಾಕಬಹುದು, ಕೊನೆಯ ಹಲಂತವನ್ನು ಕಡೆಗಣಿಸಬಹುದು, ಪದಾದಿಯ ‘ಯ–ಎ’, ‘ಹ–ಅ’, ‘ವೆ–ಯ’ ಬದಲಾವಣೆಗಳಿಗೆ ರಿಯಾಯಿತಿ ಕೊಡಬಹುದು. ದ್ವಿತ್ವಾಕ್ಷರದ ವ್ಯತ್ಯಾಸವನ್ನು ಮಾತ್ರ ಹಾಗೆ ಕಡೆಗಣಿಸಬಾರದು, ಮಾಳಪ್ಪ–ಮಲ್ಲಪ್ಪರ ಕಾರಣಕ್ಕೆ. ಈ ನಿಯಮಗಳು ಬೀದರಿನ ಹೆಸರುಗಳಿಗೂ ಚಾಮರಾಜನಗರದ ಹೆಸರುಗಳಿಗೂ ಒಂದೇ ರೀತಿ ಒದಗುತ್ತವೆಯೇ ಎಂದು ಪರೀಕ್ಷಿಸಿ, ಗೆರೆಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಮುಂಚಿತವಾಗಿ ಪ್ರಕಟಿಸಿದರೆ ನೋಟಿಸ್ ಬಂದವನು ಯಾವ ಆಧಾರದ ಮೇಲೆ ಬಂತೆಂದು ಕೇಳಲು ಸಾಧ್ಯವಾಗುತ್ತದೆ.

ಇನ್ನೊಂದು ಕೆಲಸಕ್ಕೆ ಹೊಸ ಗಣಿತವೇ ಬೇಡ. ಹಳೆಯ ಕಂದಾಯ ದಾಖಲೆಗಳಲ್ಲಿ, ವಿಶೇಷವಾಗಿ ಉತ್ತರ ಕರ್ನಾಟಕದ ಕಡೆ, ಒಬ್ಬನ ಎರಡು ಹೆಸರನ್ನು ‘ಉರ್ಫ್’ ಎಂದು ಸೇರಿಸಿ ಬರೆಯುವ ಪದ್ಧತಿ ಇತ್ತು. ಗಣಕದ ನಮೂನೆಗಳಲ್ಲಿ ಅದಕ್ಕೆ ಅಂಕಣ ಸಿಗುವುದು ಅಪರೂಪ. ತಹಶೀಲ್ದಾರರೋ ಮತದಾರರ ನೋಂದಣಿ ಅಧಿಕಾರಿಯೋ ಒಮ್ಮೆ ದಾಖಲೆ ನೋಡಿ ಇವರು ಒಬ್ಬರೇ ಎಂದು ತೀರ್ಮಾನಿಸಿದರೆ, ಆ ಎರಡೂ ಕಾಗುಣಿತಗಳು ಜೋಡಿಯಾಗಿ ಉಳಿಯಬೇಕು ಮತ್ತು ಉಳಿದ ಇಲಾಖೆಗಳ ತಂತ್ರಾಂಶಕ್ಕೂ ಸಿಗಬೇಕು. ಈಗಿನ ಕ್ರಮದಲ್ಲಿ ಅಂಥ ತೀರ್ಮಾನ ಆಯಾ ಕಡತದಲ್ಲೇ ಉಳಿದುಬಿಡುತ್ತದೆ. ಪಹಣಿಗೆ ಅಫಿಡವಿಟ್ ಕೊಟ್ಟ ರೈತ ಬೆಳೆ ಪರಿಹಾರಕ್ಕೆ ಇನ್ನೊಂದು, ಪಿಂಚಣಿಗೆ ಮತ್ತೊಂದು ಕೊಡಬೇಕಾಗುತ್ತದೆ.